ಪರದೇಶಿಯಾದ ಆಳಿನ ಅಪಾಯವೂ ಒಡೆಯನ ಹೊಣೆಯೂ

೧

ಬೇರೆ ನಾಡಿನಿಂದ ಬಂದು ಕೂಲಿಗೆ ನಿಂತವನಿಗೆ ಕೆಲಸದ ವೇಳೆಯಲ್ಲಿ ಅಂಗಭಂಗವೋ ಮರಣವೋ ಸಂಭವಿಸಿದರೆ ಅದರ ಭಾರವನ್ನು ಹೊರತಕ್ಕವರು ಯಾರು? ಇಂದಿನ ಅನೇಕ ರಾಜ್ಯಗಳ ಕಾಯಿದೆಗಳು ಈ ಪ್ರಶ್ನೆಗೆ ಒಂದೇ ಬಗೆಯ ಉತ್ತರವನ್ನು ಕೊಡುತ್ತವೆ. ಕೆಲಸಕ್ಕೆ ಇಟ್ಟುಕೊಂಡ ಒಡೆಯನೇ ಹೊಣೆಗಾರನು. ಅವನು ಅಪಾಯವು ಬಂದ ಮೇಲೆ ಯೋಚಿಸತಕ್ಕದ್ದಲ್ಲ, ಬರುವುದಕ್ಕೆ ಮುಂಚೆಯೇ ವಿಮೆಯ ಹಣವನ್ನು ತೆತ್ತು ಸಿದ್ಧನಾಗಿರತಕ್ಕದ್ದು. ಇದು ಪಾಶ್ಚಾತ್ಯರಿಂದ ಬಂದ ಹೊಸ ಪದ್ಧತಿಯೆಂದೂ ನಮ್ಮ ಪೂರ್ವಿಕರಿಗೆ ಇದರ ಕಲ್ಪನೆಯೇ ಇರಲಿಲ್ಲವೆಂದೂ ಕೆಲವರು ಹೇಳುವರು. ಇದೆಲ್ಲವೂ ನಮ್ಮ ಶಾಸನಗಳಲ್ಲಿಯೇ ಇರುವುದೆಂದು ಬೇರೆ ಕೆಲವರು ಅಭಿಮಾನದಿಂದ ನುಡಿಯುವರು. ಈ ಎರಡು ಪಕ್ಷಗಳಲ್ಲಿ ಯಾವುದೂ ಪೂರ್ಣವಾಗಿ ನಿಲ್ಲುವಂತಿಲ್ಲ. ಹಳೆಯದರಲ್ಲಿ ಏನಿದ್ದಿತು, ಹೊಸದರಲ್ಲಿ ಏನು ಸೇರಿತು, ಇನ್ನೂ ಏನು ಉಳಿದಿದೆ ಎಂಬುದನ್ನು ವಿಂಗಡಿಸುವುದೇ ಈ ಲೇಖನದ ಉದ್ದೇಶವು.

ಉದಾಹರಣೆಗಳನ್ನು ಸಾಧ್ಯವಾದ ಮಟ್ಟಿಗೆ ಬೆಂಗಳೂರಿನ ಸುತ್ತಿನಿಂದಲೇ ತೆಗೆದುಕೊಂಡಿದೆ. ಶಾಸನವೆಂಬ ಮಾತನ್ನು ಇಲ್ಲಿ ಕಲ್ಲಿನ ಬರಹಕ್ಕೆ ಮಾತ್ರ ಬಳಸಿ, ಸರಕಾರದ ವಿಧಿಗಳನ್ನು ಕಾಯಿದೆಯೆಂದು ಕರೆದಿದೆ. ವಾಚಕರು ಈ ಭೇದವನ್ನು ಗಮನದಲ್ಲಿಡಬೇಕು.

೨

ಮೊದಲು ಶಬ್ದವಿಚಾರ. ಸಂಸ್ಕೃತದಲ್ಲಿ ‘ಪರದೇಶಿ’ ಎಂದರೆ ಬೇರೆ ದೇಶದವನು, ಅಷ್ಟೆ. ಮಧ್ಯಕಾಲದ ಕನ್ನಡ ಶಾಸನಗಳಲ್ಲಿ ಅಯ್ಯಾವೊಳೆಯ ಐನೂರ್ವರ ಸಂಘವನ್ನು ವರ್ಣಿಸುವಾಗ ಸ್ವದೇಶಿ, ಪರದೇಶಿ, ನಾನಾದೇಶಿ ಎಂಬ ಹೆಸರುಗಳು ಗೌರವದಿಂದಲೇ ಬರುತ್ತವೆ. ಊರಿಂದೂರಿಗೆ ಸರಕನ್ನು ಸಾಗಿಸುತ್ತಿದ್ದ ಆ ವರ್ತಕನು ಹೊರಗಿನವನಾದರೂ ನಿರ್ಗತಿಕನಾಗಿರಲಿಲ್ಲ. ಅವನ ಬೆನ್ನಿಗೆ ಅವನ ಸಂಘವಿದ್ದಿತು. ಇಂದಿನ ನುಡಿಯಲ್ಲಾದರೋ ‘ಪರದೇಶಿ’ಯೆಂದರೆ ದಿಕ್ಕಿಲ್ಲದವನೆಂದೇ ಅರ್ಥವಾಗುತ್ತದೆ. ತಂದೆತಾಯಿಗಳನ್ನು ಕಳೆದುಕೊಂಡ ಮಗು ತನ್ನೂರಿನಲ್ಲಿಯೇ ಇದ್ದರೂ ‘ಪರದೇಶಿಯಾಯಿತು’ ಎನ್ನುವರು. ಹೊರಗಿನವನೆಂಬ ಅರ್ಥವು ನೆಂಟರಿಲ್ಲದವನೆಂಬ ಅರ್ಥಕ್ಕೆ ತಿರುಗಿದ ಈ ಪರಿವರ್ತನವನ್ನು ನೋಡಿದರೆ ನಮ್ಮ ವಿಷಯದ ಮರ್ಮವು ತಿಳಿಯುವುದು. ತನ್ನೂರಿನಲ್ಲಿ ಬಿದ್ದವನನ್ನು ಎತ್ತುವುದಕ್ಕೆ ಅಣ್ಣತಮ್ಮಂದಿರಿರುವರು. ಪರದೇಶದಲ್ಲಿ ಬಿದ್ದವನಿಗೆ ಕೂಲಿ ಕೊಡುವವನ ಹೊರತು ಸಂಬಂಧಿಯೇ ಇಲ್ಲ. ಆ ಒಂದು ಸಂಬಂಧದ ಮೇಲೆ ಎಷ್ಟು ಭಾರವನ್ನು ಹೊರಿಸಬಹುದು ಎಂಬುದೇ ಪ್ರಶ್ನೆ.

೩

ಧರ್ಮಶಾಸ್ತ್ರಕಾರರು ಈ ವಿಷಯವನ್ನು ‘ವೇತನಾದಾನ’ವೆಂಬ ವ್ಯವಹಾರಪದದಲ್ಲಿ ವಿಚಾರಿಸಿರುವರು. ಮನುವು ಎಂಟನೆಯ ಅಧ್ಯಾಯದಲ್ಲಿ, ರೋಗದಿಂದ ಕೆಲಸ ನಿಂತ ಭೃತ್ಯನು ಗುಣವಾದ ಮೇಲೆ ಒಪ್ಪಿದ ಕೆಲಸವನ್ನು ಮುಗಿಸಿದರೆ, ಬಹುಕಾಲ ಕಳೆದಿದ್ದರೂ ಪೂರ್ಣ ವೇತನಕ್ಕೆ ಅರ್ಹನೆಂದು ವಿಧಿಸಿರುವನು. ಇದು ವೇತನದ ರಕ್ಷಣೆಯೇ ಹೊರತು ರೋಗಕಾಲದ ಪೋಷಣೆಯಲ್ಲ. ಕಾತ್ಯಾಯನನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವನು. ಇವನ ಗ್ರಂಥವು ಸಮಗ್ರವಾಗಿ ಉಳಿದಿಲ್ಲ. ನಿಬಂಧಗಳಲ್ಲಿ ಉದ್ಧೃತವಾದ ವಚನಗಳನ್ನು ಪಾಂಡುರಂಗ ವಾಮನ ಕಾಣೆಯವರು ೧೯೩೩ರಲ್ಲಿ ಸಂಗ್ರಹಿಸಿದರು. ದಾರಿಯಲ್ಲಿ ಬಳಲಿದ ಅಥವಾ ರೋಗಪೀಡಿತನಾದ ಸಹಾಯಕನನ್ನು ಕೈಬಿಟ್ಟು, ಒಂದು ಗ್ರಾಮದಲ್ಲಿ ಮೂರು ದಿನವಾದರೂ ನಿಂತು ಪಾಲಿಸದ ಒಡೆಯನಿಗೆ ಪೂರ್ವಸಾಹಸ ದಂಡವೆಂದು ಆ ವಚನಗಳಲ್ಲೊಂದರ ತಾತ್ಪರ್ಯ. ಇಲ್ಲಿ ಆಳು ತನ್ನೂರಿನಲ್ಲಿಲ್ಲ, ದಾರಿಯಲ್ಲಿದ್ದಾನೆ. ಒಡೆಯನ ಹೊಣೆಯು ಹುಟ್ಟುವುದೂ ಆ ಕಾರಣದಿಂದಲೇ. ಆದರೆ ಅವಧಿಯು ಮೂರು ದಿನ ಮಾತ್ರ. ಅಲ್ಲದೆ ದಂಡವು ಅರಸನಿಗೆ ಸಲ್ಲುವುದೇ ಹೊರತು ಆಳಿಗಲ್ಲ.

ಮರಣದ ವಿಷಯದಲ್ಲಿ ಸ್ಪಷ್ಟವಾಗಿ ನುಡಿದವನು ಕೌಟಿಲ್ಯನು. ಅರ್ಥಶಾಸ್ತ್ರದ ಐದನೆಯ ಅಧಿಕರಣದ ಮೂರನೆಯ ಅಧ್ಯಾಯದಲ್ಲಿ, ಅರಸನ ಕಾರ್ಯದಲ್ಲಿ ಮಡಿದವರ ಹೆಂಡಿರುಮಕ್ಕಳಿಗೆ ಅನ್ನವೇತನಗಳು ಸಲ್ಲಬೇಕೆಂದಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಈ ಗ್ರಂಥವನ್ನು ೧೯೦೯ರಲ್ಲಿ ಪ್ರಕಟಿಸಿದುದು ಕನ್ನಡನಾಡಿಗೆ ಸಂದ ಕೀರ್ತಿಯೇ ಸರಿ. ಆದರೆ ಆ ವಿಧಿಯು ರಾಜಭೃತ್ಯರಿಗೆ ಸಂಬಂಧಪಟ್ಟದ್ದು. ಸಾಮಾನ್ಯ ಗೃಹಸ್ಥನ ಕೂಲಿಯಾಳಿಗೆ ಅದನ್ನು ಅನ್ವಯಿಸಲು ಆಧಾರವಿಲ್ಲ. ಶುಕ್ರನೀತಿಯಲ್ಲಿ ರೋಗಿಯಾದ ಭೃತ್ಯನ ವೇತನದ ಮಾತು ವಿಸ್ತಾರವಾಗಿದ್ದರೂ, ಆ ಗ್ರಂಥದ ಕಾಲವು ವಿವಾದಗ್ರಸ್ತವಾದುದರಿಂದ ಅದನ್ನು ಪ್ರಾಚೀನ ಪ್ರಮಾಣವಾಗಿ ಇಲ್ಲಿ ಸ್ವೀಕರಿಸಿಲ್ಲ.

೪

ಶಾಸ್ತ್ರದಿಂದ ಆಚರಣೆಗೆ ಬರೋಣ. ಒಡೆಯನಿಗಾಗಿ ಹೋರಾಡಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ ನಮ್ಮ ಶಾಸನಗಳಲ್ಲಿ ‘ನೆತ್ತರುಗೊಡಗೆ’ಯೆಂದು ಹೆಸರು. ‘ಕಲ್ನಾಡು’ ಎಂಬುದೂ ವೀರಗಲ್ಲುಗಳಲ್ಲಿ ಮೇಲಿಂದ ಮೇಲೆ ಬರುವ ಮಾತು. ಬೆಂಗಳೂರಿಗೆ ತೆಂಕಣದಲ್ಲಿರುವ ಬೇಗೂರು ಗಂಗರ ಕಾಲದಲ್ಲಿ ಬೆಂಪೂರೆನಿಸಿದ್ದಿತು. ಅಲ್ಲಿಯ ನಾಗತ್ತರನು ಗಂಗರ ಎರೆಯಪ್ಪನ ಆಜ್ಞೆಯಂತೆ ಅಯ್ಯಪದೇವನ ನೆರವಿಗೆ ಹೋಗಿ, ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೇನೆಯೊಡನೆ ಕಾದಿ ಮಡಿದನು. ಬಳಿಕ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಆ ದೊಡ್ಡ ವೀರಗಲ್ಲನ್ನು ಬೆಂಗಳೂರಿನ ಸರಕಾರಿ ಪ್ರಾಚ್ಯವಸ್ತು ಸಂಗ್ರಹಾಲಯದಲ್ಲಿ ಇಡಲಾಗಿದೆ. ಅದೇ ಬೇಗೂರಿನಲ್ಲಿರುವ, ಸುಮಾರು ೮೯೦ರದೆಂದು ಗಣಿಸಲ್ಪಟ್ಟ ಇನ್ನೊಂದು ಚಿಕ್ಕ ಶಾಸನವು, ಬೆಂಗಳೂರಿನ ಕಾಳೆಗದಲ್ಲಿ ನಾಗತ್ತರನ ಕಡೆಯವರಿಗೆ ಉಂಟಾದ ಮರಣವನ್ನು ಹೇಳುತ್ತದೆ. ಬೆಂಗಳೂರೆಂಬ ಹೆಸರು ಕಾಣಿಸಿಕೊಳ್ಳುವ ಅತಿ ಹಳೆಯ ಬರಹಗಳಲ್ಲಿ ಒಂದು ಹೀಗೆ ಒಡೆಯನ ಕೆಲಸದಲ್ಲಿ ಪ್ರಾಣ ಬಿಟ್ಟವರ ಕಲ್ಲಾಗಿರುವುದು ಗಮನಾರ್ಹವು. ಆತಕೂರಿನ ೯೪೯ರ ಸುಪ್ರಸಿದ್ಧ ಶಾಸನದಲ್ಲಿ ಬೂತುಗನು ಮಣಲೇರನಿಗೆ ಆತುಕೂರು ಹನ್ನೆರಡನ್ನು ‘ಬಾಳ್ಗಚ್ಚು’ವಾಗಿ ಕೊಟ್ಟುದು ಬೇರೆ ಜಾತಿಯದು, ಅದು ಬದುಕಿದ ವೀರನಿಗೆ ಸಂದ ಬಹುಮಾನ. ಈ ಎರಡನ್ನೂ ಬೆರಸಬಾರದು.

ನೆತ್ತರುಗೊಡಗೆಗೆ ಮೂರು ಲಕ್ಷಣಗಳುಂಟು. ಒಂದನೆಯದು, ಅದು ಒಡೆಯನ ದಾನ. ಕೊಡದಿದ್ದರೆ ಕೇಳುವ ಅಧಿಕಾರವು ಸತ್ತವನ ಮನೆಯವರಿಗೆ ಇದ್ದಂತೆ ತೋರುವುದಿಲ್ಲ. ಎರಡನೆಯದು, ಅದು ಆಯುಧಜೀವಿಗೆ ಸಲ್ಲುವುದು. ಕಲ್ಲು ಒಡೆಯುವಾಗ ಸತ್ತ ಒಡ್ಡನಿಗೆ ವೀರಗಲ್ಲಿಲ್ಲ. ಮೂರನೆಯದು, ಅದು ಭೂಮಿ. ಹೊತ್ತುಕೊಂಡು ಹೋಗುವ ವಸ್ತುವಲ್ಲ. ಬಂಧುಗಳು ಅಲ್ಲಿಯೇ ಇದ್ದು ಉತ್ತು ಬಿತ್ತಿದರೆ ಮಾತ್ರ ಫಲ. ನೂರಾರು ಹರಿದಾರಿ ದೂರದಲ್ಲಿ ಹೆಂಡಿರುಮಕ್ಕಳನ್ನು ಬಿಟ್ಟು ಬಂದವನಿಗೆ ಕೊಡಗೆಯಿಂದ ಪ್ರಯೋಜನವಾಗದು. ಆದರೂ ಅದರಲ್ಲಿ ಒಂದು ಗುಣವನ್ನು ಒಪ್ಪಲೇಬೇಕು: ಭೂಮಿಯು ವರ್ಷವರ್ಷವೂ ಬೆಳೆಯುವುದರಿಂದ ಸತ್ತವನ ಮನೆಗೆ ಒಮ್ಮೆಯ ಹಣವಲ್ಲ, ನಿತ್ಯದ ಅನ್ನವೇ ಸಿಕ್ಕುತ್ತಿದ್ದಿತು.

೫

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರಿಗೆ ಗಿರಣಿಗಳು ಬಂದುವು. ೧೮೮೪ರಲ್ಲಿ ಸ್ಥಾಪಿತವಾಗಿ ಬಿನ್ನಿ ಕಂಪೆನಿಯ ಹೆಸರಿನಿಂದ ಪ್ರಸಿದ್ಧವಾದ ಬಟ್ಟೆಯ ಗಿರಣಿಯೂ, ಅನಂತರದ ಮಿನರ್ವ ಗಿರಣಿಯೂ ನಗರದ ಪಡುವಣ ಅಂಚಿಗೆ ಕೂಲಿಕಾರರನ್ನು ಸೆಳೆದುವು. ಗಿರಣಿಯ ಒಡೆಯನು ಅರಸನಲ್ಲ. ಕೊಡಗೆ ಕೊಡಲು ಅವನ ಕೈಯಲ್ಲಿ ನಾಡಿಲ್ಲ. ಯಂತ್ರದಿಂದ ಕೈ ಕಳೆದುಕೊಂಡವನು ವೀರನೆಂಬ ಗಣನೆಗೂ ಬಾರನು. ಆದಕಾರಣ ಹೊಣೆಗೆ ಹೊಸ ಆಧಾರವು ಬೇಕಾಯಿತು.

ಬ್ರಿಟಿಷ್ ಇಂಡಿಯಾದಲ್ಲಿ ೧೯೨೩ರಲ್ಲಿ ಆದ ಕೆಲಸಗಾರರ ನಷ್ಟಪರಿಹಾರದ ಕಾಯಿದೆಯು ೧೯೨೪ರ ಜುಲೈ ೧ರಿಂದ ಜಾರಿಗೆ ಬಂದಿತು. ಇದು ದಾನವನ್ನು ಋಣವನ್ನಾಗಿ ಮಾಡಿತು. ಒಡೆಯನ ತಪ್ಪಿರಲಿ ಇಲ್ಲದಿರಲಿ, ಕೆಲಸದಿಂದ ಉಂಟಾದ ಅಪಾಯಕ್ಕೆ ಅವನು ತೆರಲೇಬೇಕು. ಗುತ್ತಿಗೆದಾರನ ಆಳಿಗೂ ಮೂಲ ಒಡೆಯನೇ ಹೊಣೆ. ಮರಣದ ಪರಿಹಾರವನ್ನು ಮನೆಯವರ ಕೈಗೆ ಗುಟ್ಟಾಗಿ ಕೊಟ್ಟು ಮುಗಿಸುವಂತಿಲ್ಲ, ಕಮಿಷನರರಲ್ಲಿ ಠೇವಣಿಯಿಡಬೇಕು. ಸತ್ತವನ ಅವಲಂಬಿಗಳು ಬೇರೆ ದೇಶದಲ್ಲಿದ್ದರೆ, ಆ ದೇಶದೊಡನೆ ಆದ ಏರ್ಪಾಡಿನಂತೆ ಹಣವನ್ನು ಅಲ್ಲಿಗೆ ಕಳುಹಿಸುವುದಕ್ಕೂ ಆ ಕಾಯಿದೆಗೆ ಸೇರಿದ ಒಂದು ಕಲಮಿನಲ್ಲಿ ಅವಕಾಶವಿದ್ದಿತು. ಕೊಡಗೆಯ ಭೂಮಿಗೆ ಆಗದಿದ್ದುದು ಹಣಕ್ಕೆ ಆಯಿತು. ಆದರೆ ಒಡೆಯನು ವಿಮೆ ಮಾಡಲೇಬೇಕೆಂಬ ನಿರ್ಬಂಧವಿರಲಿಲ್ಲ. ದಿವಾಳಿಯಾದ ಒಡೆಯನಿಂದ ವಸೂಲಾಗುವುದೇನು?

ಇಲ್ಲಿ ಒಂದು ಆಕ್ಷೇಪವುಂಟು. ‘ಬೀಮಾ’ ಎಂಬ ಪಾರಸಿ ಮಾತಿನಿಂದ ನಮ್ಮ ನುಡಿಗೆ ಬಂದ ವಿಮೆಯು ವರ್ತಕರ ವ್ಯವಹಾರ. ಇಷ್ಟವಿದ್ದವನು ಮಾಡಲಿ, ಅದನ್ನು ಕಡ್ಡಾಯ ಮಾಡುವುದು ಯಾವ ನ್ಯಾಯ? ಇದಕ್ಕೆ ಸಮಾಧಾನ ಹೀಗೆ. ತನ್ನ ಸರಕಿಗೆ ವಿಮೆ ಮಾಡದ ವರ್ತಕನು ನಷ್ಟವನ್ನು ತಾನೇ ಅನುಭವಿಸುವನು. ಆಳಿಗೆ ವಿಮೆ ಮಾಡದ ಒಡೆಯನಾದರೋ ತನ್ನ ಅಲಕ್ಷ್ಯದ ಫಲವನ್ನು ಇನ್ನೊಬ್ಬನ ವಿಧವೆಗೆ ಉಣಿಸುವನು. ತನ್ನ ನಷ್ಟಕ್ಕೆ ತಾನು ಸ್ವತಂತ್ರನು, ಪರರ ನಷ್ಟಕ್ಕಲ್ಲ.

ಬಿ. ಪಿ. ಅದಾರ್ಕರ್ ಅವರು ೧೯೪೪ರಲ್ಲಿ ಒಪ್ಪಿಸಿದ ವರದಿಯ ಫಲವಾಗಿ ೧೯೪೮ರ ಕಾರ್ಮಿಕರ ರಾಜ್ಯವಿಮಾ ಕಾಯಿದೆಯು ಹುಟ್ಟಿತು. ೧೯೫೨ರ ಫೆಬ್ರವರಿ ೨೪ರಂದು ಕಾನ್ಪುರ ದೆಹಲಿಗಳಲ್ಲಿ ಆರಂಭವಾದ ಈ ಏರ್ಪಾಡು ೧೯೫೮ರಲ್ಲಿ ಬೆಂಗಳೂರಿಗೆ ಬಂದಿತು. ರಾಜಾಜಿನಗರದಲ್ಲಿರುವ ಇ.ಎಸ್.ಐ. ಆಸ್ಪತ್ರೆಯು ಇದರದೇ ಫಲವು. ಒಡೆಯನೂ ಕೆಲಸಗಾರನೂ ವೇತನದ ಒಂದಂಶವನ್ನು ಸಲ್ಲಿಸುವರು. ೨೦೧೯ರ ಜುಲೈಯಲ್ಲಿ ಈ ಅಂಶಗಳು ಕ್ರಮವಾಗಿ ನೂರಕ್ಕೆ ೩.೨೫ ಮತ್ತು ೦.೭೫ ಎಂದು ಗೊತ್ತಾದುವು. ಕೆಲಸದಲ್ಲಿ ಸತ್ತವನ ಅವಲಂಬಿಗಳಿಗೆ ವೇತನದ ನೂರಕ್ಕೆ ೯೦ರಷ್ಟು ತಿಂಗಳು ತಿಂಗಳೂ ಸಲ್ಲುವುದು. ನೆತ್ತರುಗೊಡಗೆಯ ನಿತ್ಯದ ಅನ್ನವು ಹೀಗೆ ಬೇರೊಂದು ರೂಪದಿಂದ ಹಿಂದಿರುಗಿತೆನ್ನಬಹುದು. ೧೯೪೮ರ ಕಾಯಿದೆಯಲ್ಲಿ ಇನ್ನೊಂದು ವಿಶೇಷವಿದ್ದಿತು: ಒಡೆಯನು ಹಣ ಕಟ್ಟದೆ ತಪ್ಪಿದರೆ, ನಿಗಮವು ಕೆಲಸಗಾರನಿಗೆ ಸಲ್ಲಿಸಿ ಒಡೆಯನಿಂದ ವಸೂಲು ಮಾಡಿಕೊಳ್ಳಬಹುದಾಗಿದ್ದಿತು.

೬

ಇನ್ನು ಪರದೇಶಿಯ ವಿಷಯ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೧೯೨೫ರಲ್ಲಿ ಅಂಗೀಕರಿಸಿದ ೧೯ನೆಯ ಒಡಂಬಡಿಕೆಯು, ಅಪಘಾತದ ಪರಿಹಾರದಲ್ಲಿ ಸ್ವದೇಶದವನೆಂದೂ ಪರದೇಶದವನೆಂದೂ ಭೇದ ಮಾಡಕೂಡದೆಂದು ವಿಧಿಸಿತು. ಭಾರತವು ೧೯೨೭ರಲ್ಲಿ ಇದಕ್ಕೆ ಒಪ್ಪಿಗೆಯಿತ್ತಿತು. ೧೯೨೩, ೧೯೪೮ರ ಕಾಯಿದೆಗಳು ಕೆಲಸಗಾರನ ದೇಶವನ್ನು ಕೇಳಲಿಲ್ಲ. ಕೆಲಸವನ್ನು ಮಾತ್ರ ಕೇಳಿದುವು. ಆದಕಾರಣ ೧೯೫೦ರ ಕೌಲಿನ ಆಶ್ರಯದಲ್ಲಿ ಬಂದು ಬೆಂಗಳೂರಿನಲ್ಲಿ ಕಾವಲು ಕಾಯುವ ಅಥವಾ ಹೋಟಲುಗಳಲ್ಲಿ ದುಡಿಯುವ ನೇಪಾಳದವನಿಗೂ ಕನ್ನಡಿಗನಿಗೂ ಕಾಯಿದೆಯ ದೃಷ್ಟಿಯಲ್ಲಿ ಭೇದವಿಲ್ಲ.

ಬಿಹಾರ, ಒಡಿಶಾ, ಅಸ್ಸಾಮುಗಳಿಂದ ವಿಜಯನಗರ, ಕೆಂಗೇರಿಗಳ ಕಟ್ಟಡಗಳಿಗೂ ಕಾರ್ಖಾನೆಗಳಿಗೂ ಬರುವವರು ಪರರಾಷ್ಟ್ರದವರಲ್ಲ. ಆದರೆ ನೆಂಟರಿಂದ ದೂರವಾಗಿರುವುದರಲ್ಲಿ ಪರದೇಶಿಗಳೇ. ಇವರಿಗಾಗಿ ಆದ ೧೯೭೯ರ ಅಂತರರಾಜ್ಯ ವಲಸೆ ಕೆಲಸಗಾರರ ಕಾಯಿದೆಯಲ್ಲಿ ಗುತ್ತಿಗೆದಾರನಿಗೆ ಒಂದು ವಿಧಿಯಿದ್ದಿತು: ಆಳು ಸತ್ತರೆ ಅಥವಾ ಘೋರವಾಗಿ ಗಾಯಗೊಂಡರೆ ಎರಡು ರಾಜ್ಯಗಳ ಅಧಿಕಾರಿಗಳಿಗೂ ಅವನ ಹತ್ತಿರದ ಬಂಧುವಿಗೂ ತಿಳಿಸಬೇಕು. ಪರಿಹಾರಕ್ಕಿಂತ ಮೊದಲು ಸುದ್ದಿ ಮುಟ್ಟಬೇಕೆಂಬ ಈ ವಿವೇಕವು ಶ್ಲಾಘ್ಯವು. ೧೯೨೩, ೧೯೪೮ರ ಕಾಯಿದೆಗಳ ಸ್ಥಾನದಲ್ಲಿ ೨೦೨೦ರ ಸಾಮಾಜಿಕ ಸುರಕ್ಷಾ ಸಂಹಿತೆಯೂ, ೧೯೭೯ರದರ ಸ್ಥಾನದಲ್ಲಿ ಅದೇ ವರ್ಷದ ಇನ್ನೊಂದು ಸಂಹಿತೆಯೂ ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದಿವೆ.

ನಮ್ಮವರು ಪರದೇಶಿಗಳಾದಾಗ ಏನು? ಮಂಗಳೂರು, ಭಟ್ಕಳಗಳಿಂದ ಅನೇಕರು ಕೊಲ್ಲಿಯ ರಾಜ್ಯಗಳಿಗೆ ದುಡಿಯಲು ಹೋಗಿರುವರು. ಸೌದಿ ಅರೇಬಿಯದ ೧೯೯೯ರ ಕಾಯಿದೆಯೂ ದುಬೈಯ ೨೦೧೩ರ ಕಾಯಿದೆಯೂ ಹೊರಗಿನ ಕೆಲಸಗಾರನ ಆರೋಗ್ಯವಿಮೆಯನ್ನು ಒಡೆಯನ ಮೇಲೆ ಕಡ್ಡಾಯವಾಗಿ ಹೊರಿಸಿವೆ. ಭಾರತ ಸರಕಾರವು ವಲಸೆಯ ಪರವಾನಗಿ ಬೇಕಾದವರಿಗೆ ೨೦೦೩ರಲ್ಲಿ ಪ್ರವಾಸಿ ಭಾರತೀಯ ಬೀಮಾ ಯೋಜನೆಯನ್ನು ಕಡ್ಡಾಯ ಮಾಡಿತು. ೨೦೧೭ರ ಪರಿಷ್ಕಾರದಂತೆ ಅಪಘಾತದ ಮರಣಕ್ಕೆ ಹತ್ತು ಲಕ್ಷ ರೂಪಾಯಿಗಳ ವಿಮೆಗೆ ಎರಡು ವರ್ಷಕ್ಕೆ ೨೭೫, ಮೂರು ವರ್ಷಕ್ಕೆ ೩೭೫ ರೂಪಾಯಿಗಳ ಕಂತು ಗೊತ್ತಾಯಿತು. ಒಂದು ಭೇದವನ್ನು ನೋಡಬೇಕು. ಅಲ್ಲಿ ಕಂತು ಒಡೆಯನದು, ಇಲ್ಲಿ ಹೊರಡುವವನದು. ಫಲವು ಸಿಕ್ಕುವುದಾದರೂ ಹೊಣೆಯು ಸ್ಥಾನಪಲ್ಲಟವಾಯಿತು.

೭

ಇಷ್ಟರಿಂದ ಸಿದ್ಧವಾಗುವುದಿದು. ಸೇವೆಯಲ್ಲಿ ಮಡಿದವನ ಮನೆಯನ್ನು ಒಡೆಯನು ಪೋಷಿಸಬೇಕೆಂಬ ಭಾವನೆಯು ಈ ನಾಡಿಗೆ ಹೊಸದಲ್ಲ. ಆದರೆ ಅದು ದಾನವಾಗಿದ್ದಿತು, ೧೯೨೩ರಲ್ಲಿ ಋಣವಾಯಿತು, ೧೯೪೮ರಲ್ಲಿ ಮುಂಗಡವಾಗಿ ಕಟ್ಟತಕ್ಕ ಋಣವಾಯಿತು, ೧೯೨೫ರ ಒಡಂಬಡಿಕೆಯಿಂದ ದೇಶಭೇದವಿಲ್ಲದ ಋಣವಾಯಿತು. ಈ ಮೆಟ್ಟಲುಗಳನ್ನು ಹೊಸ ಕಾಲವೇ ಕಟ್ಟಿತು. ಅದನ್ನು ಹಳೆಯವರಿಗೆ ಆರೋಪಿಸುವುದು ಸತ್ಯವಲ್ಲ.

ಒಂದು ವಿಷಯದಲ್ಲಿ ಮಾತ್ರ ಹಳೆಯವರಿಂದ ಕಲಿಯಬೇಕಾದುದಿದೆ. ವೀರಗಲ್ಲು ಎಷ್ಟೇ ಚಿಕ್ಕದಾಗಿರಲಿ, ಸತ್ತವನು ಯಾರು, ಯಾರ ಕಡೆಯವನು, ಎಲ್ಲಿ ಸತ್ತನು ಎಂಬುದನ್ನು ಬರೆಯಲು ಯತ್ನಿಸುತ್ತದೆ. ಇಂದು ರಾಜ್ಯವಿಮೆಯ ನಿರ್ಬಂಧವು ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಆಳುಗಳಿರುವೆಡೆಗೆ ಅನ್ವಯಿಸುತ್ತದೆ. ಗುತ್ತಿಗೆದಾರನು ಎಂಟು ಹೆಸರುಗಳನ್ನು ಮಾತ್ರ ಪುಸ್ತಕದಲ್ಲಿ ಬರೆದು ಉಳಿದವರನ್ನು ಬಾಯಿಮಾತಿನಲ್ಲಿ ಇಟ್ಟುಕೊಂಡರೆ, ಆ ಉಳಿದವರೂ ಬರೆಯಲ್ಪಟ್ಟವರೂ ಒಟ್ಟಿಗೆ ಹೊರಗಾಗುವರು. ಹೆಸರಿಲ್ಲದವನಿಗೆ ವಿಮೆಯಿಲ್ಲ, ಊರು ಬರೆಯದವನ ಮನೆಗೆ ಸುದ್ದಿಯಿಲ್ಲ. ಒಡೆಯನ ಹೊಣೆಯು ಕಂತಿನ ಹಣದಿಂದ ಆರಂಭವಾಗುವುದಿಲ್ಲ. ಆಳಿನ ಹೆಸರನ್ನೂ ಊರನ್ನೂ ಅವನ ಮನೆಯವರ ಹೆಸರನ್ನೂ ಕೆಲಸದ ಮೊದಲನೆಯ ದಿನವೇ ಬರೆದುಕೊಳ್ಳುವುದರಿಂದ ಆರಂಭವಾಗುತ್ತದೆ. ಇಷ್ಟಾದಲ್ಲದೆ ಉಳಿದ ಕಾಯಿದೆಗಳೆಲ್ಲವೂ ಪರದೇಶಿಯ ಪಾಲಿಗೆ ನಿಷ್ಫಲವೆಂದೇ ತಿಳಿಯಬೇಕು.