ಜಾರ್ ಕೂರದ ಮಿಕ್ಸಿ

ನಮ್ಮ ಕುಮಾರಸ್ವಾಮಿ ಲೇಔಟ್‌ನಲ್ಲಿ ಹುಡುಗಿ ನೋಡುವ ಮಾತು ಬಂದರೆ "ಸಾಫ್ಟ್‌ವೇರು" ಎಂಬ ಉತ್ತರ ಸಾಲದು, "ಅದರಲ್ಲಿ ಏನು?" ಎಂಬ ಮರುಪ್ರಶ್ನೆ ಇದ್ದೇ ಇರುತ್ತದೆ. "ಟೆಸ್ಟಿಂಗ್" ಎಂದರೆ ಕೇಳಿದವರ ಮುಖ ತುಸು ಸಪ್ಪಗಾಗುತ್ತದೆ. ಕಟ್ಟುವವರು ಇನ್ನಾರೋ, ಇವಳು ಬರೀ ನೋಡುವವಳು ಎಂಬ ಭಾವ. ಆದರೆ ನೂರು ಜನರ ಸಾರಿಗೆ ಉಪ್ಪು ನೋಡಿದವರಿಗೆ ಗೊತ್ತು, ನೋಡುವುದೂ ಒಂದು ಕೆಲಸವೇ. ಆ ಕೆಲಸಕ್ಕೂ ಏಳುಬೀಳುಗಳ ಒಂದು ಇತಿಹಾಸವಿದೆ.

ನಾವು ಕರೆಂಟ್ ಬಿಲ್ ಕಟ್ಟುವುದು, ರೈಲು ಟಿಕೆಟ್ ಕಾದಿರಿಸುವುದು ಬ್ರೌಸರ್ ಎಂಬ ಕಿಟಕಿಯ ಮೂಲಕ. ಮೊದಮೊದಲು ಆ ಕಿಟಕಿಯಲ್ಲಿ ಅಕ್ಷರ, ಚಿತ್ರ ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. 1996ರಲ್ಲಿ ಬಂದ ನೆಟ್‌ಸ್ಕೇಪ್ 2, ಹೊರಗಿನವರು ಮಾಡಿದ ತಂತ್ರಾಂಶವನ್ನು ತನ್ನೊಳಗೆ ಸಿಕ್ಕಿಸಲು ಜಾಗ ಮಾಡಿಕೊಟ್ಟಿತು. ಅದೇ ಪ್ಲಗಿನ್. ಮಿಕ್ಸಿಗೆ ಚಟ್ನಿ ಜಾರ್ ಕೂರಿಸಿದ ಹಾಗೆ, ಬ್ರೌಸರಿಗೆ ಫ್ಲ್ಯಾಶ್ ಕೂರಿಸಿದರೆ ಚಿತ್ರ ಕುಣಿಯುತ್ತಿತ್ತು, ಜಾವಾ ಕೂರಿಸಿದರೆ ಲೆಕ್ಕ ನಡೆಯುತ್ತಿತ್ತು. ಅದೇ ವರ್ಷ ಮೈಕ್ರೋಸಾಫ್ಟ್ ತನ್ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಆಕ್ಟಿವ್‌ಎಕ್ಸ್ ಎಂಬ ಬೇರೆಯೇ ಜೋಡಣೆ ತಂದಿತು. ಒಂದು ಕಂಪನಿಯ ಜಾರ್ ಇನ್ನೊಂದು ಕಂಪನಿಯ ಮೋಟಾರಿನ ಮೇಲೆ ಕೂರದು ಎಂಬ ತಾಪತ್ರಯ ಅಲ್ಲಿಂದಲೇ ಶುರು.

ಇದರ ಭಾರ ಬಿದ್ದದ್ದು ಪರೀಕ್ಷೆ ಮಾಡುವವರ ಮೇಲೆ. ಪುಟದಲ್ಲಿ ಒಂದು ಗುಂಡಿ ಬದಲಾದರೂ ಎಲ್ಲ ಬ್ರೌಸರುಗಳಲ್ಲಿ ಮೊದಲಿಂದ ಕೊನೆಯವರೆಗೆ ಒತ್ತಿ ನೋಡಬೇಕು. ಈ ಬೇಸರದಿಂದಲೇ 2004ರಲ್ಲಿ ಷಿಕಾಗೋದ ಥಾಟ್‌ವರ್ಕ್ಸ್ ಕಂಪನಿಯಲ್ಲಿದ್ದ ಜೇಸನ್ ಹಗ್ಗಿನ್ಸ್ ಬ್ರೌಸರನ್ನು ತಾನಾಗಿ ಓಡಿಸುವ ಸಲಕರಣೆ ಕಟ್ಟಿದರು. ಸಿಬ್ಬಂದಿಯ ಸಮಯ, ಖರ್ಚು ಬರೆದಿಡುವ ಒಳಗಿನ ಲೆಕ್ಕದ ತಂತ್ರಾಂಶವನ್ನು ಪರೀಕ್ಷಿಸಲು ಮಾಡಿದ್ದು ಅದು. ಹೆಸರಿಟ್ಟದ್ದು ಸೆಲೆನಿಯಂ. ಆಗ ಈ ಪೇಟೆಯಲ್ಲಿ ಮರ್ಕ್ಯುರಿ, ಅಂದರೆ ಪಾದರಸದ ಹೆಸರಿನ ದೊಡ್ಡ ಕಂಪನಿಯೊಂದಿತ್ತು. ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಎಂಬುದು ಹಗ್ಗಿನ್ಸರ ತಮಾಷೆ.

2006ರಲ್ಲಿ ಜಪಾನಿನ ಶಿನ್ಯಾ ಕಸಾತಾನಿ ತಾವು ಬರೆದ ಸೆಲೆನಿಯಂ ಐಡಿಇಯನ್ನು ಈ ಯೋಜನೆಗೆ ಕೊಟ್ಟರು. ಇದು ಫೈರ್‌ಫಾಕ್ಸ್‌ಗೆ ಅಂಟಿಸುವ ಆಡ್‌ಆನ್, ಪ್ಲಗಿನ್ನಿನ ದಾಯಾದಿ ಎನ್ನಿ. ನೀವು ಒಂದು ಸಲ ಮಾಡಿ ತೋರಿಸಿದರೆ ಅದನ್ನೇ ದಾಖಲಿಸಿಕೊಂಡು ಮತ್ತೆ ಮತ್ತೆ ಮಾಡುತ್ತಿತ್ತು. ಪ್ರೋಗ್ರಾಂ ಬರೆಯಲು ಬಾರದವರಿಗೂ ಬಾಗಿಲು ತೆರೆಯಿತು. 2007ರಲ್ಲಿ ಸೈಮನ್ ಸ್ಟೂವರ್ಟ್ ವೆಬ್‌ಡ್ರೈವರ್ ತಂದರು. ಫೈರ್‌ಫಾಕ್ಸನ್ನು ನಡೆಸುವ ಅದರ ಚಾಲಕವೂ ಒಳಗೆ ಕೂತ ಒಂದು ಆಡ್‌ಆನ್ ಆಗಿತ್ತು. 2011ರಲ್ಲಿ ಎರಡೂ ಕೂಡಿ ಸೆಲೆನಿಯಂ 2 ಆಯಿತು. 2014ರ ಸೆಪ್ಟೆಂಬರಿನಲ್ಲಿ ಈ ಬಳಗದ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು.

ಅಷ್ಟರಲ್ಲಿ ಬ್ರೌಸರ್ ಮಾಡುವವರು ಬಾಗಿಲುಗಳನ್ನು ಮುಚ್ಚತೊಡಗಿದ್ದರು. ಕಾರಣ ಸರಿಯಾದದ್ದೇ: ಹೊರಗಿನ ಜೋಡಣೆಗಳ ಸಂದಿಯಿಂದ ಕಳ್ಳರು ನುಗ್ಗುತ್ತಿದ್ದರು. 2015ರ ಸೆಪ್ಟೆಂಬರಿನಲ್ಲಿ ಕ್ರೋಮ್ ಹಳೆಯ ಪ್ಲಗಿನ್‌ಗಳನ್ನು ಪೂರ್ತಿ ಕೈಬಿಟ್ಟಿತು. 2016ರ ಆಗಸ್ಟಿನ ಫೈರ್‌ಫಾಕ್ಸ್ 48, ಸಹಿಯಿಲ್ಲದ ಆಡ್‌ಆನ್‌ಗಳನ್ನು ಒಳಗೆ ಬಿಡಲಿಲ್ಲ. ಹಳೆಯ ಚಾಲಕ ಹೊರಗುಳಿಯಿತು. 2017ರ ಆಗಸ್ಟಿನಲ್ಲಿ ಬಂದ ಫೈರ್‌ಫಾಕ್ಸ್ 55ರಲ್ಲಿ ಹಳೆಯ ಸೆಲೆನಿಯಂ ಐಡಿಇ ನಿಂತಿತು. ನವೆಂಬರಿನ ಫೈರ್‌ಫಾಕ್ಸ್ 57 ಹಳೆ ಮಾದರಿಯ ಆಡ್‌ಆನ್‌ಗಳನ್ನೆಲ್ಲ ಬಿಟ್ಟುಬಿಟ್ಟಿತು.

ಈ 2017ನ್ನು ಹೆಣ್ಣುಮಕ್ಕಳು ಇನ್ನೊಂದು ಕಾರಣಕ್ಕೂ ನೆನೆಯಬೇಕು. ಆ ಏಪ್ರಿಲ್ 1ರಿಂದ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಜೂನ್ 18ರಂದು ನಮ್ಮ ಪಕ್ಕದ ಯಲಚೇನಹಳ್ಳಿಯವರೆಗೆ ಮೆಟ್ರೋ ಓಡತೊಡಗಿತು. ಆ ಜೂನ್‌ನಲ್ಲಿ ರಜೆ ಹಿಡಿದ ಪರೀಕ್ಷಕಿಯೊಬ್ಬಳು ಡಿಸೆಂಬರಿನಲ್ಲಿ ಕೂಸನ್ನು ಅಜ್ಜಿಯ ಮಡಿಲಿಗಿಟ್ಟು, ಮೆಟ್ರೋ ಹತ್ತಿ ಕಚೇರಿಗೆ ಮರಳಿದಳು ಎನ್ನಿ. ಅವಳು ಆಡ್‌ಆನ್‌ನಲ್ಲಿ ದಾಖಲಿಸಿಟ್ಟ ಪರೀಕ್ಷೆಗಳು ಹೊಸ ಬ್ರೌಸರಿನಲ್ಲಿ ಓಡುವುದೇ ಇಲ್ಲ. ಮರೆತದ್ದು ಅವಳಲ್ಲ, ಬದಲಾದದ್ದು ಮೋಟಾರು. ಆದರೆ ಕಚೇರಿಯಲ್ಲಿ "ರಜೆಯಿಂದ ಬಂದವಳು, ಹಿಂದೆ ಬಿದ್ದಿದ್ದಾಳೆ" ಎನ್ನಲು ಎಷ್ಟು ಹೊತ್ತು?

ಅಂಥ ವೇಳೆ ಕೈಹಿಡಿಯುವುದು ಕ್ರಮವಾಗಿ ಹುಡುಕುವ ಅಭ್ಯಾಸ. ಮೊದಲು, ಬ್ರೌಸರು ಮತ್ತು ಚಾಲಕದ ಆವೃತ್ತಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಬೇಕು. ಎರಡನೆಯದು, ಪರೀಕ್ಷೆ ಪ್ರತಿಸಲ ತೆರೆಯುವುದು ಖಾಲಿ ಬ್ರೌಸರು; ನಿಮ್ಮ ಬ್ರೌಸರಿನಲ್ಲಿ ಕೂರಿಸಿದ ಜೋಡಣೆ ಅದರಲ್ಲಿ ಇರುವುದಿಲ್ಲ, ಬೇಕೆಂದು ಹೇಳಿಯೇ ಕೂರಿಸಬೇಕು. "ನನ್ನ ಯಂತ್ರದಲ್ಲಿ ಸರಿಯಿದೆಯಲ್ಲ" ಎಂಬ ಗೊಂದಲಕ್ಕೆ ಅನೇಕ ಸಲ ಇದೇ ಮೂಲ. ಮೂರನೆಯದು, ಫ್ಲ್ಯಾಶ್ ಅಥವಾ ಜಾವಾ ತುಂಡಿನ ಒಳಗೇನಿದೆ ಎಂಬುದು ಸೆಲೆನಿಯಂಗೆ ಕಾಣದು. ಅದಕ್ಕದು ಮುಚ್ಚಿದ ಡಬ್ಬಿ. ಕೊನೆಗೆ, ಜೋಡಣೆ ತೆಗೆದು ಒಮ್ಮೆ ಓಡಿಸಿ ನೋಡಿದರೆ ದೋಷ ಪುಟದ್ದೋ ಜೋಡಣೆಯದ್ದೋ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಮುಂದೆ ದಾರಿ ಸ್ವಲ್ಪ ಸಲೀಸಾಯಿತು. 2018ರ ಜೂನ್ 5ರಂದು ವೆಬ್‌ಡ್ರೈವರ್ ವಿಧಾನಕ್ಕೆ ಡಬ್ಲ್ಯು3ಸಿಯ ಮಾನ್ಯತೆ ಸಿಕ್ಕಿತು. ಆ ತಿಂಗಳ ಕೊನೆಗೆ ಸಮ್ಮೇಳನ ಮತ್ತೆ ಬೆಂಗಳೂರಿಗೆ ಬಂತು. ಸೆಲೆನಿಯಂ ಐಡಿಇಯನ್ನೂ ಹೊಸದಾಗಿ ಕಟ್ಟಿದರು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಮುಗಿಯಿತು. 2022ರಿಂದ ಹೊಂದುವ ಚಾಲಕವನ್ನು ಸೆಲೆನಿಯಂ ತಾನೇ ಹುಡುಕಿಕೊಳ್ಳುತ್ತದೆ.

ಹಾಗೆಂದು ಬದಲಾವಣೆ ನಿಲ್ಲುವುದಿಲ್ಲ. ಆದ್ದರಿಂದ ಈ ಕೆಲಸದಲ್ಲಿರುವ ಹೆಣ್ಣುಮಕ್ಕಳಿಗೆ ನನ್ನದೊಂದು ಮಾತು: ಯಾವ ಗುಂಡಿ ಒತ್ತಿದಿರಿ ಎನ್ನುವುದನ್ನು ಸಲಕರಣೆ ಬರೆದಿಟ್ಟುಕೊಳ್ಳಲಿ. ಯಾಕೆ ಒತ್ತಿದಿರಿ, ಏನು ಬರಬೇಕಿತ್ತು ಎನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ನೀವೇ ಬರೆದಿಡಿ. ರಜೆ ಮುಗಿಸಿ ಬಂದ ದಿನ ಮೊದಲು ತೆರೆಯಬೇಕಾದದ್ದು ಆ ನೋಟ್‌ಬುಕ್ಕನ್ನೇ.