ಪೈಥಾನ್ ಎರಡನೆಯ ಶಾಖೆಯ ಅಂತ್ಯಕಾಲ

ತಂತ್ರಾಂಶವು ಮರದಂತೆ ಹುಳು ಹಿಡಿಯುವುದಿಲ್ಲ, ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಪೋಷಕರು ಕೈಬಿಟ್ಟಾಗ ಅದರ ಆಯುಸ್ಸು ಮುಗಿಯುವುದು. ಪೈಥಾನ್ ಎಂಬ ಗಣಕಭಾಷೆಯ ಚರಿತ್ರೆಯು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಈ ಭಾಷೆಯನ್ನು ಡಚ್ ವಿದ್ವಾಂಸರಾದ ಗಿಡೋ ವಾನ್ ರೊಸ್ಸಮ್ ಎಂಬವರು ಆಂಸ್ಟರ್‌ಡ್ಯಾಮ್ ನಗರದ ಸಂಶೋಧನ ಸಂಸ್ಥೆಯೊಂದರಲ್ಲಿದ್ದಾಗ ರಚಿಸಿ 1991ರಲ್ಲಿ ಪ್ರಕಟಿಸಿದರು. ಇದರ ಮೂಲಪಾಠವನ್ನು ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಇದನ್ನು ಬೆಳೆಯಿಸಿದವರಲ್ಲಿ ಬಹುಮಂದಿ ಸ್ವೇಚ್ಛೆಯಿಂದ ದುಡಿದವರು.

2000ದಲ್ಲಿ ಎರಡನೆಯ ಶಾಖೆಯು ಹೊರಟಿತು. ಅದರಲ್ಲಿ ಸಾಮಾನ್ಯ ಪಠ್ಯವನ್ನು ಅಕ್ಷರಗಳಾಗಿ ಎಣಿಸದೆ ಬೈಟುಗಳಾಗಿ ಎಣಿಸುವ ಪದ್ಧತಿಯಿದ್ದಿತು. ಯುಟಿಎಫ್-8 ಕ್ರಮದಲ್ಲಿ ಬರೆದ 'ಕ' ಎಂಬ ಒಂದು ಅಕ್ಷರವೂ ಅಲ್ಲಿ ಮೂರಾಗಿ ಎಣಿಕೆಗೆ ಬರುತ್ತಿದ್ದಿತು. 2008ರ ಡಿಸೆಂಬರಿನಲ್ಲಿ ಹೊರಟ ಮೂರನೆಯ ಶಾಖೆಯು ಯೂನಿಕೋಡನ್ನು ಆಧಾರವಾಗಿಟ್ಟುಕೊಂಡು ಈ ದೋಷವನ್ನು ನೀಗಿತು. ಆದರೆ ಹಳೆಯದರಲ್ಲಿ ಬರೆದ ಕ್ರಮವಿಧಿಗಳು ಅನೇಕವೇಳೆ ಹೊಸದರಲ್ಲಿ ತಿದ್ದದೆ ನಡೆಯವಾದುವು.

2010ರಲ್ಲಿ ಬಂದ 2.7ನೆಯ ಆವೃತ್ತಿಯೇ ಹಳೆಯ ಶಾಖೆಯ ಕಡೆಯ ಮುಖ್ಯ ಆವೃತ್ತಿ. ಅದರ ಪೋಷಣೆಯು 2015ರಲ್ಲಿ ನಿಲ್ಲತಕ್ಕದ್ದೆಂದು ನಿಶ್ಚಯವಾಗಿದ್ದಿತು. ಆದರೆ ಒಂದು ಉಪಕರಣದವರು ಮತ್ತೊಂದು ಉಪಕರಣವು ಮೊದಲು ಬದಲಾಗಲೆಂದು ಕಾದುದರಿಂದ ಬಳಕೆದಾರರ ಸಂಕ್ರಮಣವು ನಿಧಾನವಾಯಿತು. ಆದಕಾರಣ 2014ರಲ್ಲಿ ಗಡುವನ್ನು 2020ರವರೆಗೆ ಮುಂದೂಡಿದರು. ಈ ದಾಕ್ಷಿಣ್ಯದಿಂದ ಬಳಕೆದಾರರಿಗೆ ಉಸಿರಾಡಲು ಅವಕಾಶವು ದೊರೆಯಿತಾದರೂ ಪೋಷಕರ ಮೇಲೆ ಎರಡು ಶಾಖೆಗಳ ಭಾರವು ಇನ್ನೂ ಐದು ವರ್ಷ ಉಳಿಯಿತು.

ಕೊನೆಗೆ 2020ರ ಜನವರಿ 1ರಂದು ಗಡುವು ತೀರಿತು. ಏಪ್ರಿಲ್ 20ರಂದು 2.7.18 ಎಂಬ ಅಂತಿಮ ಆವೃತ್ತಿಯು ಹೊರಟಿತು. ಹಳೆಯ ಕ್ರಮವಿಧಿಗಳೇನೂ ಆ ದಿನ ನಿಂತುಹೋಗಲಿಲ್ಲ. ಆದರೆ ಮುಂದೆ ರಕ್ಷಣಾಲೋಪವು ಕಂಡುಬಂದಲ್ಲಿ ಅದನ್ನು ಮುಚ್ಚುವ ಹೊಣೆಯು ಮೂಲಪೋಷಕರದಾಗಿ ಉಳಿಯಲಿಲ್ಲ. ಲಿನಕ್ಸ್ ಒದಗಿಸುವ ಕೆಲವು ಕಂಪೆನಿಗಳು ತಮ್ಮ ಗ್ರಾಹಕರಿಗಾಗಿ ಆ ಕೆಲಸವನ್ನು ಕೆಲಕಾಲ ಮುಂದುವರಿಸಿದುವು. ಮೂಲಪಾಠವು ಮುಕ್ತವಾಗಿದ್ದುದರಿಂದಲೇ ಇದು ಸಾಧ್ಯವಾಯಿತು.

2020ರಿಂದೀಚೆಗೆ ಪೈಥಾನಿನ ಹೊಸ ಆವೃತ್ತಿಯು ವರ್ಷಕ್ಕೊಮ್ಮೆ ಅಕ್ಟೋಬರಿನಲ್ಲಿ ಹೊರಡುತ್ತಿರುವುದು. ಪ್ರತಿಯೊಂದಕ್ಕೂ ಸುಮಾರು 5 ವರ್ಷಗಳ ಪೋಷಣೆಯುಂಟು. ಅವಧಿಯು ಮೊದಲೇ ಪ್ರಕಟವಾಗಿರುತ್ತದೆ. ಮುಕ್ತ ತಂತ್ರಾಂಶವು ಬಳಕೆದಾರನಿಗೆ ಕೊಡುವುದು ಕೃತಿಯ ಮೇಲಣ ಹಕ್ಕನ್ನು. ಪರರ ಶ್ರಮದ ಮೇಲಣ ಹಕ್ಕನ್ನಲ್ಲ. ಈ ಭೇದವನ್ನು ಅರಿತು, ದಿನವನ್ನು ಮುಂಚಿತವಾಗಿ ಸಾರಿ, ಸಾರಿದಂತೆ ನಡೆಯುವುದು ಉಭಯಪಕ್ಷಕ್ಕೂ ಕ್ಷೇಮಕರವಾದುದು.