ಒಬ್ಬನೇ ಲೇಖಕ, ಎರಡು ಪ್ರತಿ

ಪ್ರಯಾಣದಲ್ಲಿ ಟ್ಯಾಬ್ಲೆಟ್ಟಿನಲ್ಲಿ ಒಂದು ಅಧ್ಯಾಯವನ್ನು ತಿದ್ದಿ, ಮನೆಗೆ ಬಂದು ಅದನ್ನೇ ಕಂಪ್ಯೂಟರಿನಲ್ಲಿ ಮುಂದುವರಿಸುವುದು ಇಂದು ಅನೇಕ ಬರಹಗಾರರ ರೂಢಿ. ನಡುವೆ ಇಂಟರ್ನೆಟ್ ಸಂಪರ್ಕ ಕಡಿದಿದ್ದ ಹೊತ್ತಿನಲ್ಲಿ ಎರಡೂ ಕಡೆ ತಿದ್ದುಪಡಿ ನಡೆದಿದ್ದರೆ, ಒಂದು ಅಧ್ಯಾಯವಿದ್ದ ಜಾಗದಲ್ಲಿ ಎರಡು ಕಾಣಿಸಿಕೊಳ್ಳುತ್ತವೆ. ಎರಡನೆಯದರ ಹೆಸರಿಗೆ ‘ಕಾನ್‌ಫ್ಲಿಕ್ಟೆಡ್ ಕಾಪಿ’ ಎಂಬ ಬಾಲ ಅಂಟಿಕೊಂಡಿರುತ್ತದೆ. ಯಂತ್ರ ಕೆಟ್ಟಿತೆಂದು ಭಾವಿಸಿ ಅವಸರದಲ್ಲಿ ಒಂದನ್ನು ಅಳಿಸಿಹಾಕುವವರಿದ್ದಾರೆ. ಆದರೆ ಆ ಎರಡನೆಯ ಪ್ರತಿ ದೋಷದಿಂದ ಹುಟ್ಟಿದ್ದಲ್ಲ. ಹಲವು ದಶಕಗಳ ಚಿಂತನೆಯ ನಂತರ ಕಂಪ್ಯೂಟರ್ ವಿಜ್ಞಾನಿಗಳು ಕಲಿತ ಒಂದು ಸಂಯಮದ ಫಲ ಅದು.

ಸರ್ಕಾರಿ ಕಚೇರಿಯ ಕಾಗದದ ಕಡತಕ್ಕೆ ಈ ತೊಡಕು ಇರಲಿಲ್ಲ. ಅದು ಒಂದು ಹೊತ್ತಿಗೆ ಒಂದೇ ಮೇಜಿನ ಮೇಲಿರುತ್ತದೆ. ಅದು ಯಾರ ಬಳಿ ಇದೆಯೋ ಅವರೇ ಟಿಪ್ಪಣಿ ಬರೆಯಬೇಕು. ಆರಂಭದ ತಂತ್ರಾಂಶಗಳು ಅನುಸರಿಸಿದ್ದೂ ಈ ನ್ಯಾಯವನ್ನೇ. 1972ರಲ್ಲಿ ಬೆಲ್ ಪ್ರಯೋಗಾಲಯದ ಮಾರ್ಕ್ ರೋಚ್‌ಕೈಂಡ್ ರೂಪಿಸಿದ ಎಸ್‌ಸಿಸಿಎಸ್ ಎಂಬ ವ್ಯವಸ್ಥೆಯಲ್ಲಿ, ಒಬ್ಬರು ತಿದ್ದಲೆಂದು ತೆಗೆದುಕೊಂಡ ಫೈಲಿಗೆ ಅವರು ಹಿಂದಿರುಗಿಸುವವರೆಗೆ ಬೀಗ ಬೀಳುತ್ತಿತ್ತು. ಆದರೆ ಬೀಗದ ಪದ್ಧತಿ ನಡೆಯಬೇಕಾದರೆ ಎಲ್ಲರೂ ಒಂದೇ ಕೇಂದ್ರದ ಸಂಪರ್ಕದಲ್ಲಿರಬೇಕು. ಸಂಪರ್ಕವಿಲ್ಲದ ಟ್ಯಾಬ್ಲೆಟ್ಟಿಗೆ ಬೀಗ ಬಿದ್ದಿರುವ ಸುದ್ದಿಯೇ ತಲುಪುವುದಿಲ್ಲ.

ಹಾಗಾದರೆ ಎರಡರಲ್ಲಿ ಕಡೆಗೆ ಬರೆದುದನ್ನು ಉಳಿಸಿಕೊಂಡರೆ ಸಾಲದೆ? ಯಾವುದು ಮೊದಲು, ಯಾವುದು ಅನಂತರ ಎಂಬ ಪ್ರಶ್ನೆಯೇ ಸರಳವಲ್ಲವೆಂದು 1978ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ತೋರಿಸಿದರು. ಬೇರೆ ಬೇರೆ ಯಂತ್ರಗಳ ಗಡಿಯಾರಗಳು ಕೂಡಿ ನಡೆಯುತ್ತವೆಂಬ ಭರವಸೆಯಿಲ್ಲ. ಅಲ್ಲದೆ ಒಂದನ್ನು ನೋಡದೆಯೇ ಬರೆದ ಇನ್ನೊಂದು, ಗಡಿಯಾರದ ಪ್ರಕಾರ ಈಚಿನದಾದರೂ ಮೊದಲನೆಯದರ ಮುಂದುವರಿಕೆ ಆಗಲಾರದು. 1983ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವೊಂದು ಇದಕ್ಕೆ ಗಡಿಯಾರವನ್ನೇ ಬಿಟ್ಟ ಉಪಾಯವನ್ನು ಪ್ರಕಟಿಸಿತು. ಪ್ರತಿಯೊಂದು ಯಂತ್ರವೂ ತಾನು ಮಾಡಿದ ತಿದ್ದುಪಡಿಗಳನ್ನು ಎಣಿಸಿಕೊಳ್ಳಬೇಕು. ಪ್ರತಿಯ ಜೊತೆಗೆ ಎಲ್ಲ ಯಂತ್ರಗಳ ಎಣಿಕೆಯೂ ಹೋಗಬೇಕು. ಒಂದು ಪ್ರತಿಯಲ್ಲಿ ಕಂಪ್ಯೂಟರಿನ ಎಣಿಕೆ 3, ಟ್ಯಾಬ್ಲೆಟ್ಟಿನದು 1. ಇನ್ನೊಂದರಲ್ಲಿ ಕ್ರಮವಾಗಿ 2 ಮತ್ತು 2 ಎಂದಿರಲಿ. ಒಂದು ಇನ್ನೊಂದನ್ನು ಒಳಗೊಂಡಿಲ್ಲವಾದ್ದರಿಂದ ಇದು ಘರ್ಷಣೆ. ಈ ಲೆಕ್ಕ ಘರ್ಷಣೆಯನ್ನು ಪತ್ತೆ ಹಚ್ಚುತ್ತದೆ. ಯಾವ ಪ್ರತಿ ಮೇಲೆಂಬ ತೀರ್ಪನ್ನು ಕೊಡುವುದಿಲ್ಲ.

ಸಂಪರ್ಕ ಕಡಿದಾಗಲೂ ಕೆಲಸ ನಿಲ್ಲಬಾರದೆಂಬ ಗುರಿಯಿಂದ 1987ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ‘ಕೋಡಾ’ ಯೋಜನೆ ಆರಂಭವಾಯಿತು. ಅದರ ನಾಯಕ ಮಹದೇವ್ ಸತ್ಯನಾರಾಯಣನ್, ಮದರಾಸಿನ ಐಐಟಿಯಲ್ಲಿ ಓದಿದವರು. ಅವರೂ ಜೇಮ್ಸ್ ಕಿಸ್ಲರ್ ಅವರೂ 1991ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಧೈರ್ಯ ಕೊಡುವ ಒಂದು ಅಂಕಿಯಿದೆ. ತಮ್ಮ ವಿಶ್ವವಿದ್ಯಾಲಯದ ಸರ್ವರುಗಳನ್ನು ಪರಿಶೀಲಿಸಿದಾಗ, ಒಂದು ದಿನದೊಳಗೆ ಇಬ್ಬರು ಬೇರೆ ಬೇರೆ ಬಳಕೆದಾರರು ಒಂದನ್ನೇ ತಿದ್ದುವ ಸಂಭವ ಹೆಚ್ಚೆಂದರೆ ಶೇ. 0.75 ಎಂದು ಅವರು ಕಂಡುಕೊಂಡರು. ಘರ್ಷಣೆ ಅಪರೂಪವೆಂಬ ನಂಬಿಕೆಗೆ ಇದು ಆಧಾರವಾಯಿತು. ಆದರೆ ಎಣಿಸಿದ್ದು ಇಬ್ಬರು ವ್ಯಕ್ತಿಗಳ ನಡುವಿನ ಘರ್ಷಣೆಯನ್ನು. 2010ರಲ್ಲಿ ಐಪ್ಯಾಡ್ ಬಂದಮೇಲೆ ಬರಹಗಾರನ ಪಾಲಿಗೆ ಆ ಎರಡನೆಯ ವ್ಯಕ್ತಿ ತಾನೇ ಆದ. ಒಂದೇ ಅಧ್ಯಾಯವನ್ನು ಒಂದೇ ದಿನ ಎರಡು ಕಡೆ ತಿದ್ದುವುದು ಅಪರೂಪವಾಗಿ ಉಳಿಯಲಿಲ್ಲ.

ದೀರ್ಘ ಬರಹಗಳಿಗೆ ಬಳಕೆಯಾಗುವ ‘ಸ್ಕ್ರಿವ್ನರ್’ ಇದಕ್ಕೆ ಒಳ್ಳೆಯ ನಿದರ್ಶನ. 2007ರಲ್ಲಿ ಮ್ಯಾಕ್ ಕಂಪ್ಯೂಟರಿಗೆ ಬಂದ ಅದು ಐಪ್ಯಾಡಿಗೆ ಬಂದದ್ದು 2016ರಲ್ಲಿ. ಎರಡರ ನಡುವಿನ ಸೇತುವೆ ಡ್ರಾಪ್‌ಬಾಕ್ಸ್. ಅದರಲ್ಲಿ ಪುಸ್ತಕವೆಂದರೆ ಒಂದೇ ಫೈಲಲ್ಲ. ಒಂದೊಂದು ಭಾಗಕ್ಕೂ ಒಂದೊಂದು ಫೈಲು, ಅವುಗಳ ಅನುಕ್ರಮಣಿಕೆಗೆ ಮತ್ತೊಂದು. ಸಿಂಕ್ ಮುಗಿಯುವ ಮೊದಲೇ ಯೋಜನೆಯನ್ನು ತೆರೆದರೆ ಅನುಕ್ರಮಣಿಕೆ ಹೊಸದು, ಅಧ್ಯಾಯ ಹಳೆಯದು ಎಂಬ ಸ್ಥಿತಿ ಒದಗಬಹುದು. ಘರ್ಷಣೆ ಕಂಡುಬಂದಾಗ ತಂತ್ರಾಂಶವು ಎರಡನೆಯ ಪ್ರತಿಗಳನ್ನು ‘ಕಾನ್‌ಫ್ಲಿಕ್ಟ್ಸ್’ ಎಂಬ ಫೋಲ್ಡರಿನಲ್ಲಿ ಕೂಡಿಡುತ್ತದೆ.

ಪರಿಹಾರವೂ ಈ ಇತಿಹಾಸದಿಂದಲೇ ಹೊರಡುತ್ತದೆ. ಮೊದಲು ಎರಡೂ ಸಾಧನಗಳಲ್ಲಿ ಬರವಣಿಗೆ ನಿಲ್ಲಿಸಿ, ಸಿಂಕ್ ಪೂರ್ಣವಾಗಲು ಬಿಡಬೇಕು. ಇಡೀ ಯೋಜನೆಯ ಒಂದು ನಕಲನ್ನು ಬೇರೆ ಕಡೆ ತೆಗೆದಿಡಬೇಕು. ಆಮೇಲೆ ಕಂಪ್ಯೂಟರಿನ ಅಗಲವಾದ ಪರದೆಯಲ್ಲಿ ಎರಡು ಪ್ರತಿಗಳನ್ನೂ ಅಕ್ಕಪಕ್ಕ ತೆರೆದು, ಪರಿಚ್ಛೇದದಿಂದ ಪರಿಚ್ಛೇದಕ್ಕೆ ಓದಿ, ಬೇಕಾದುದನ್ನು ಒಂದಕ್ಕೆ ಸೇರಿಸಬೇಕು. ಎರಡನೆಯದನ್ನು ಅಳಿಸುವುದು ಕಟ್ಟಕಡೆಯ ಕೆಲಸ. ಕಡತದ ಹಳೆಯ ನ್ಯಾಯವನ್ನು ನಾವೇ ಪಾಲಿಸುವುದು ಮುಂದಿನ ಮುನ್ನೆಚ್ಚರಿಕೆ: ಒಂದರಲ್ಲಿ ಯೋಜನೆಯನ್ನು ಮುಚ್ಚಿ, ಸಿಂಕ್ ಮುಗಿದ ಮೇಲಷ್ಟೇ ಇನ್ನೊಂದರಲ್ಲಿ ತೆರೆಯಬೇಕು.

ಘರ್ಷಣೆ ತಾನಾಗಿಯೇ ಬಗೆಹರಿಯುವ ವಿಧಾನಗಳೂ ಬಂದಿವೆ. 1989ರಲ್ಲಿ ಎಲಿಸ್ ಮತ್ತು ಗಿಬ್ಸ್ ಆರಂಭಿಸಿದ ಮಾರ್ಗ ಮುಂದೆ ಗೂಗಲ್ ಡಾಕ್ಸ್‌ಗೆ ಆಧಾರವಾಯಿತು. 2011ರಲ್ಲಿ ಮಾರ್ಕ್ ಶಪೀರೋ ಮತ್ತು ಸಂಗಡಿಗರು ಇನ್ನೊಂದು ಮಾರ್ಗಕ್ಕೆ ಗಟ್ಟಿಯಾದ ತಳಹದಿ ಹಾಕಿದರು. ಇವು ಎಲ್ಲ ಕಡೆಯೂ ಒಂದೇ ಅಕ್ಷರಸರಣಿ ಉಳಿಯುವಂತೆ ನೋಡಿಕೊಳ್ಳುತ್ತವೆ. ಆದರೆ ಒಂದೇ ಭಾವವನ್ನು ಎರಡು ಕಡೆ ಎರಡು ಬಗೆಯಾಗಿ ಬರೆದಿದ್ದರೆ ಎರಡು ವಾಕ್ಯಗಳೂ ಪಠ್ಯದಲ್ಲಿ ಉಳಿಯುತ್ತವೆ. ಯಾವುದು ಚೆನ್ನಾಗಿದೆ ಎಂಬುದು ಲೆಕ್ಕಕ್ಕೆ ಸಿಗುವ ವಿಷಯವಲ್ಲ.

ಪುಣೆಯಲ್ಲಿರುವ ಓದುಗರಿಗೆ ಭಂಡಾರಕರ್ ಸಂಸ್ಥೆ ನೆನಪಾಗಬಹುದು. 1919ರಿಂದ 1966ರವರೆಗೆ ಅಲ್ಲಿನ ವಿದ್ವಾಂಸರು ಮಹಾಭಾರತದ ಹಸ್ತಪ್ರತಿಗಳನ್ನು ಹೋಲಿಸಿ ಪರಿಷ್ಕೃತ ಆವೃತ್ತಿಯನ್ನು ಸಿದ್ಧಪಡಿಸಿದರು. ತಾವು ಸ್ವೀಕರಿಸದ ಪಾಠಾಂತರಗಳನ್ನೂ ಎಸೆಯದೆ ಪುಟದ ಕೆಳಗೆ ದಾಖಲಿಸಿದರು. ಆದರೆ ಅವರಿಗೆ ಕವಿಯನ್ನು ಕೇಳುವ ಅವಕಾಶವಿರಲಿಲ್ಲ. ನಮ್ಮ ಎರಡು ಪ್ರತಿಗಳ ವಿಷಯದಲ್ಲಿ ಬರೆದವನು ಎದುರಿಗೇ ಇದ್ದಾನೆ. ಆದರೆ ಯಾವ ಪದವನ್ನು ಏಕೆ ಬದಲಿಸಿದೆನೆಂಬುದು ಅವನಿಗೂ ಹೆಚ್ಚು ದಿನ ನೆನಪಿರುವುದಿಲ್ಲ. ಆದ್ದರಿಂದ ಎರಡನೆಯ ಪ್ರತಿ ಕಂಡ ದಿನವೇ ಕುಳಿತು ಅದನ್ನು ಬಗೆಹರಿಸಿಕೊಳ್ಳುವುದು ಒಳ್ಳೆಯದು.